ಪತ್ರಿಕೆಯ ಸ್ವಾತಂತ್ರ್ಯ ತೂಗುವ ತಕ್ಕಡಿ ಯಾವುದು?



ಪ್ರತಿ ತಿಂಗಳೂ ಈ ಪುಟಗಳಲ್ಲಿ ರಾಗಿ ಬೆಲೆ, ಕೊಬ್ಬರಿ ಬೆಲೆ, ಸೊಸೈಟಿ ಸಾಲ, ಬ್ಯಾಂಕಿನ ನೋಟೀಸು ಇವನ್ನೇ ಓದುತ್ತೀರಿ. ಈ ಸಲ ಬೇರೆ ವಿಷಯ ಹೇಳೋಣ ಅಂತ ಕೂತಿದ್ದೇನೆ. ಪತ್ರಿಕಾ ಸ್ವಾತಂತ್ರ್ಯ ಅಂದರೆ ಅದು ಪಟ್ಟಣದ ಓದಿದವರ ಮಾತು, ನಮಗೇಕೆ ಅಂತ ಪುಟ ತಿರುವಬೇಡಿ. ನಮ್ಮ ಬೆಲೆಗೂ ಸಾಲಕ್ಕೂ ಇದಕ್ಕೂ ಏನು ಸಂಬಂಧ ಅನ್ನುವುದನ್ನು ಕೊನೆಯವರೆಗೆ ಓದಿ ನೀವೇ ತೀರ್ಮಾನ ಮಾಡಿ.

ಮೊನ್ನೆ ನಮ್ಮೂರ ಟೀ ಅಂಗಡಿ ಮುಂದೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲ್ ನೋಡಿ ಓದಿ ಹೇಳಿದ. ಪತ್ರಿಕಾ ಸ್ವಾತಂತ್ರ್ಯದಲ್ಲಿ 180 ದೇಶಗಳ ಪೈಕಿ 2025ರಲ್ಲಿ ನಮ್ಮ ದೇಶ 151ನೆಯದಂತೆ. ಕೂತಿದ್ದ ಹಿರಿಯರೊಬ್ಬರು, 'ಹೊರದೇಶದೋರು ಹೊಟ್ಟೆಕಿಚ್ಚಿಗೆ ಹೇಳ್ತಾರೆ ಬಿಡೋ, ದಿನಾ ಬೆಳಗಾದ್ರೆ ಟೀವಿಯಲ್ಲಿ ಕೂಗಾಡ್ತಾ ಕೂತಿರ್ತಾರಲ್ಲ, ಇನ್ನೆಷ್ಟು ಸ್ವಾತಂತ್ರ್ಯ ಬೇಕು?' ಅಂದರು. ಇನ್ನೊಬ್ಬ, 'ಇರೋದನ್ನೇ ಹೇಳವ್ರೆ' ಅಂದ. ಮಾತು ಜಗಳಕ್ಕೆ ತಿರುಗಿತು. ಆದರೆ ಆ 151 ಅನ್ನುವುದನ್ನು ಯಾವ ತಕ್ಕಡಿಯಲ್ಲಿ ತೂಗಿದರು ಅಂತ ಒಬ್ಬರೂ ಕೇಳಲಿಲ್ಲ. ಮಾರುಕಟ್ಟೆಯಲ್ಲಿ ಒಂದು ಚೀಲ ಇಳಿಸುವ ಮೊದಲು ತಕ್ಕಡಿಯ ಮುಳ್ಳು ನೋಡುವ ನಾವು ಇಲ್ಲಿ ಯಾಕೆ ಸುಮ್ಮನಿದ್ದೇವೆ?

ಅದಕ್ಕೆ ಮೊದಲು ತಕ್ಕಡಿಯನ್ನೇ ನೋಡೋಣ.

ಈ ಪಟ್ಟಿ ಮಾಡುವುದು ಪ್ಯಾರಿಸ್‌ನಲ್ಲಿರುವ 'ಗಡಿಗಳಿಲ್ಲದ ವರದಿಗಾರರು' ಎಂಬ ಸಂಸ್ಥೆ. 2002ರಿಂದ ಪಟ್ಟಿ ಹೊರಡಿಸುತ್ತಾ ಬಂದಿದೆ. 2022ರಿಂದ ಅವರ ಲೆಕ್ಕ ಹೀಗಿದೆ: ರಾಜಕೀಯ ಪರಿಸ್ಥಿತಿ, ಕಾನೂನು, ಹಣಕಾಸು, ಸಮಾಜದ ಒತ್ತಡ, ಪತ್ರಕರ್ತರ ಪ್ರಾಣರಕ್ಷಣೆ ಅಂತ 5 ಬಾಬ್ತು. ಪತ್ರಕರ್ತರು, ಸಂಶೋಧಕರು, ಮಾನವ ಹಕ್ಕಿನ ಕೆಲಸ ಮಾಡುವವರು ಇಂಥವರಿಗೆ ನೂರಕ್ಕೂ ಹೆಚ್ಚು ಪ್ರಶ್ನೆ ಕೊಟ್ಟು ಉತ್ತರ ಪಡೆಯುತ್ತಾರೆ. ಅದರ ಜೊತೆಗೆ ಆ ವರ್ಷ ಎಷ್ಟು ಪತ್ರಕರ್ತರು ಕೊಲೆಯಾದರು, ಎಷ್ಟು ಜನ ಜೈಲು ಸೇರಿದರು ಅನ್ನುವ ಎಣಿಕೆ ಸೇರಿಸುತ್ತಾರೆ. ಎಲ್ಲ ಕೂಡಿಸಿ 100ಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. 2025ರಲ್ಲಿ ಮೊದಲ ಸ್ಥಾನ ನಾರ್ವೆಗೆ, ಕೊನೆಯದು ಆಫ್ರಿಕಾದ ಎರಿಟ್ರಿಯಾಕ್ಕೆ.

ನಮ್ಮ ದೇಶ 2002ರಲ್ಲಿ 80ನೆಯ ಸ್ಥಾನದಲ್ಲಿತ್ತು. 2022ರಲ್ಲಿ 150, 2023ರಲ್ಲಿ 161, 2024ರಲ್ಲಿ 159, 2025ರಲ್ಲಿ 151. ಇದನ್ನು ನೋಡಿ 2023ರ ನಂತರ ಸುಧಾರಿಸಿದೆವು ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಾಳಿ. 2023ರಲ್ಲಿ ನಮ್ಮ ಅಂಕ 36.62. 2024ರಲ್ಲಿ 31.28. ಅಂದರೆ ಸ್ಥಾನ ಎರಡು ಮೆಟ್ಟಿಲು ಮೇಲೆ ಬಂತು, ಅಂಕ ಐದಕ್ಕಿಂತ ಹೆಚ್ಚು ಇಳಿಯಿತು! ಬೇರೆಯವರು ನಮಗಿಂತ ಹೆಚ್ಚು ಕುಸಿದಿದ್ದಕ್ಕೆ ನಾವು ಮೇಲೆ ಬಂದಂತೆ ಕಂಡೆವು. ಪಕ್ಕದ ಹೊಲದವನ ಬೆಳೆ ಪೂರ್ತಿ ಒಣಗಿತು ಅಂತ ನಮ್ಮ ಅರ್ಧ ಒಣಗಿದ ಬೆಳೆ ಒಳ್ಳೆ ಬೆಳೆಯಾದೀತೇ? 2025ರಲ್ಲಿ 32.96ಕ್ಕೆ ಬಂದಿದೆ, 2023ರಷ್ಟೂ ಇಲ್ಲ. ಹಾಗಾಗಿ ಸ್ಥಾನ ಬೇರೆ, ಅಂಕ ಬೇರೆ ಅಂತ ನೆನಪಿರಲಿ.

ಕೇಂದ್ರ ಸರ್ಕಾರ ಈ ಪಟ್ಟಿಯನ್ನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದ ಜನ ಬಹಳ ಕಡಿಮೆ, ಪ್ರಜಾಪ್ರಭುತ್ವದ ಮೂಲ ಅಂಶಗಳಿಗೆ ಬೆಲೆ ಕೊಟ್ಟಿಲ್ಲ, ಲೆಕ್ಕದ ವಿಧಾನ ಪಾರದರ್ಶಕವಾಗಿಲ್ಲ ಅಂತ ಪಾರ್ಲಿಮೆಂಟಿನಲ್ಲಿ ಉತ್ತರ ಕೊಟ್ಟಿದೆ. ಈ ಆಕ್ಷೇಪಣೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಲವರ ಅಭಿಪ್ರಾಯ ಕೂಡಿಸಿ ಇಷ್ಟು ದೊಡ್ಡ ದೇಶಕ್ಕೆ ಒಂದು ಅಂಕ ಹಾಕಿದರೆ ಅದರಲ್ಲಿ ತಪ್ಪು ಇದ್ದೇ ಇರುತ್ತದೆ. ಕಚ್ಛ್‌ನ ಪತ್ರಿಕೆಯ ಪಾಡು, ಕಾಶ್ಮೀರದ ಪತ್ರಿಕೆಯ ಪಾಡು, ಕೇರಳದ ಪತ್ರಿಕೆಯ ಪಾಡು ಒಂದೇ ಅಲ್ಲ.

ಆದರೆ ಸ್ವಾಮಿ, ಒಂದು ಮಾತು ಕೇಳ್ತೀನಿ. ನಮ್ಮ ಬೆಳೆ ವಿಮೆಗೆ ನೀವು ಮಾಡುವ ಲೆಕ್ಕ ಯಾವುದು? ಒಂದು ಗ್ರಾಮ ಪಂಚಾಯಿತಿಗೆ, ಮುಖ್ಯ ಬೆಳೆಗೆ, ಕನಿಷ್ಠ 4 ಕಡೆ ಬೆಳೆ ಕಟಾವು ಪ್ರಯೋಗ ಮಾಡಬೇಕು ಅಂತ ನಿಯಮ. ಆ ನಾಲ್ಕು ತುಂಡು ನೆಲದಲ್ಲಿ ಬಂದ ಕಾಳು ತೂಗಿ ಇಡೀ ಪಂಚಾಯಿತಿಯ ನೂರಾರು ರೈತರಿಗೆ ಪರಿಹಾರ ಉಂಟೋ ಇಲ್ಲವೋ ಅಂತ ತೀರ್ಮಾನ ಮಾಡುತ್ತೀರಿ. ನನ್ನ ಹೊಲದಲ್ಲಿ ಒಂದು ತೆನೆ ಇಲ್ಲದಿದ್ದರೂ ಆ ನಾಲ್ಕು ಕಡೆ ಕಾಳು ಬಂದಿದ್ದರೆ ನನಗೆ ಒಂದು ಪೈಸೆ ಇಲ್ಲ. ಆಗ 'ಸ್ಯಾಂಪಲ್ ಕಡಿಮೆಯಾಯಿತು' ಅಂತ ನಾವು ಕೂಗಿದರೆ ಅದು ವೈಜ್ಞಾನಿಕ ಪದ್ಧತಿ ಅಂತ ಹೇಳಿ ಕಳಿಸುತ್ತೀರಿ. ನಿಮ್ಮನ್ನು ತೂಗುವಾಗ ಮಾತ್ರ ಸ್ಯಾಂಪಲ್ ಸಾಲದೇ?

2020ರಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯ ವಿಚಾರ ನೋಡಲಿಕ್ಕೆ ತಾನೇ ಒಂದು ಸಮಿತಿ ಮಾಡಿತ್ತು. ರೈತರ ಆತ್ಮಹತ್ಯೆಗಳ ಬಗ್ಗೆ ಹಳ್ಳಿ ಹಳ್ಳಿ ತಿರುಗಿ ಬರೆದ ಪತ್ರಕರ್ತ ಪಿ. ಸಾಯಿನಾಥ್ ಅದರಲ್ಲಿ ಸದಸ್ಯರಾಗಿದ್ದರು. ಸಮಿತಿಯ ಕರಡು ವರದಿಯನ್ನು ಒಪ್ಪದೆ ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದುಕೊಟ್ಟರು.

ಲೆಕ್ಕದ ಕಲಂ ಬದಲಾಯಿಸಿದರೆ ಸತ್ಯವೇ ಮಾಯವಾಗುವುದನ್ನು ನಾವು ಕರ್ನಾಟಕದವರು ಕಣ್ಣಾರೆ ಕಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ ನಮ್ಮ ರಾಜ್ಯದಲ್ಲಿ 2013ರಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 1,403. ಮರುವರ್ಷ 2014ರಲ್ಲಿ 321. ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜೀವ ಉಳಿಯಿತೇ? ಮಳೆ ಚೆನ್ನಾಗಿ ಆಯಿತೇ, ಬೆಲೆ ಏರಿತೇ, ಸಾಲ ತೀರಿತೇ? ಏನೂ ಇಲ್ಲ. ಆ ವರ್ಷ ನಮೂನೆ ಬದಲಾಯಿಸಿ ರೈತ, ಕೂಲಿಕಾರ ಅಂತ ಕಲಂ ಬೇರೆ ಬೇರೆ ಮಾಡಿದರು. 'ಇತರೆ' ಅನ್ನುವ ಕಲಂನಲ್ಲಿ ಸತ್ತವರ ಸಂಖ್ಯೆ ಏಕಾಏಕಿ ಏರಿತು. ಇದನ್ನು ಕಲಂ ಕಲಂ ಹಿಡಿದು ಬಿಚ್ಚಿ ತೋರಿಸಿದವರೂ ಇದೇ ಸಾಯಿನಾಥ್. ಬರೆಯುವವನೊಬ್ಬ ಇಲ್ಲದಿದ್ದರೆ ಆ ಸಾವಿರ ಜನ 'ಇತರೆ' ಆಗಿಯೇ ಉಳಿಯುತ್ತಿದ್ದರು. ಪತ್ರಿಕೆಗೂ ನಮಗೂ ಇರುವ ಸಂಬಂಧದಲ್ಲಿ ಇದು ಒಂದು.

ಇನ್ನೂ ಹಳೆಯದು ಹೇಳಬೇಕೆಂದರೆ 1943ರ ಬಂಗಾಳದ ಕ್ಷಾಮ. ಸುಮಾರು 30 ಲಕ್ಷ ಜನ ಸತ್ತರು. ಅಕ್ಕಿಯ ಬೆಲೆ ಕೂಲಿಕಾರನ ಕೈಗೆ ಎಟುಕದಷ್ಟು ಮೇಲೆ ಹೋಗಿತ್ತು. ಯುದ್ಧದ ಕಾಲ, ಸುದ್ದಿಯ ಮೇಲೆ ಕಡಿವಾಣ. ಬ್ರಿಟಿಷ್ ಸರ್ಕಾರ ಅದನ್ನು ಕ್ಷಾಮ ಅಂತ ಘೋಷಣೆಯನ್ನೇ ಮಾಡಲಿಲ್ಲ, ಮಾಡಿದ್ದರೆ ಗಂಜಿ ಕೊಡುವ ಹೊಣೆ ತಲೆ ಮೇಲೆ ಬರುತ್ತಿತ್ತು. ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆ, ಅದೂ ಇಂಗ್ಲಿಷರದೇ ಪತ್ರಿಕೆ, 1943ರ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋಗಳನ್ನು ಅಚ್ಚು ಹಾಕಿದ ಮೇಲೆ ಜಗತ್ತಿಗೆ ಗೊತ್ತಾಯಿತು. ಚೀನಾದಲ್ಲಿ 1958ರಿಂದ 1961ರವರೆಗೆ ಇನ್ನೂ ಘೋರ ಕ್ಷಾಮ. ಅಲ್ಲಿ ಮೇಲಿನವರಿಗೆ ಹೆದರಿ ಕೆಳಗಿನವರು ಇಳುವರಿಯನ್ನು ಹೆಚ್ಚಿಗೆ ಬರೆದು ಕಳಿಸಿದರು. ಸುಳ್ಳು ಇಳುವರಿಯ ಮೇಲೆ ಲೆವಿ ಹಾಕಿ ರೈತನ ಮನೆಯ ಕಾಳನ್ನೆಲ್ಲ ಹೊತ್ತರು. ಅದು ಸುಳ್ಳು ಅಂತ ಬರೆಯುವ ಒಂದು ಪತ್ರಿಕೆ ಇರಲಿಲ್ಲ. ಕೋಟಿಗಟ್ಟಲೆ ಜನ ಸತ್ತರು, ಸತ್ತವರಲ್ಲಿ ಹೆಚ್ಚಿನವರು ಬೆಳೆದವರೇ. ಸ್ವತಂತ್ರ ಪತ್ರಿಕೆಯೂ ಚುನಾವಣೆಯೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದು ಇಂಥವನ್ನು ನೋಡಿಯೇ. ಪತ್ರಿಕೆ ಅನ್ನುವುದು ಅನ್ನದ ಪ್ರಶ್ನೆ ಬಂಧುಗಳೇ.

ಹಾಗಾದರೆ ಯಾರು ಏನು ಬೇಕಾದರೂ ಬರೆಯಬಹುದೇ? ಬರೆಯುವಂತಿಲ್ಲ. ಹೊಲ ಅಂದ ಮೇಲೆ ಬದು ಇರಲೇಬೇಕು. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟು ಅದಕ್ಕೆ 8 ಬದು ಹಾಕಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಹೊರದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ. ಇದರಲ್ಲೂ ನಿರ್ಬಂಧ ಯುಕ್ತವಾಗಿರಬೇಕು ಅಂತ ಬರೆದಿದೆ. ಯುಕ್ತವೋ ಅಲ್ಲವೋ ಅಂತ ನೋಡುವುದು ಕೋರ್ಟಿನ ಕೆಲಸ. ಈ ಎಂಟರಲ್ಲಿ ಮಂತ್ರಿಗೆ ಮುಜುಗರ ಆಗಬಾರದು ಅಂತ ಇಲ್ಲ. ಸರ್ಕಾರದ ಹೆಸರು ಕೆಡಬಾರದು, ವ್ಯಾಪಾರಿಯ ಲಾಭ ಕಡಿಮೆಯಾಗಬಾರದು ಅಂತಲೂ ಇಲ್ಲ.

ಆದರೆ ಬದು ಅಂದ ಮೇಲೆ ಒತ್ತುವರಿ ನಿಮಗೆ ಗೊತ್ತಿರುವುದೇ. ಪಕ್ಕದವನು ವರ್ಷಕ್ಕೆ ಒಂದು ಗೇಣು ನೇಗಿಲು ಈಚೆಗೆ ಹಾಕುತ್ತಾನೆ. ಹತ್ತು ವರ್ಷಕ್ಕೆ ಒಂದು ಸಾಲು ಹೋಗಿರುತ್ತದೆ. ಇಲ್ಲೂ ಹಾಗೆಯೇ ಆಯಿತು. 1950ರಲ್ಲಿ ಮದ್ರಾಸ್ ಸರ್ಕಾರ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರಕೂಡದು ಅಂತ ತಡೆದಾಗ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಮರುವರ್ಷವೇ, 1951ರಲ್ಲಿ, ನೆಹರೂ ಸರ್ಕಾರ ಸಂವಿಧಾನಕ್ಕೆ ಒಂದನೇ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಹೊಸ ಬದುಗಳನ್ನು ಸೇರಿಸಿತು. 'ಯುಕ್ತ' ಎಂಬ ಮಾತು ಸೇರಿದ್ದೂ ಆಗಲೇ ಅನ್ನುವುದನ್ನು ನ್ಯಾಯವಾಗಿ ಹೇಳಬೇಕು. ಭೂ ಕಾಯ್ದೆಗಳನ್ನು ಕೋರ್ಟಿನಿಂದ ರಕ್ಷಿಸುವ 9ನೇ ಷೆಡ್ಯೂಲು ಬಂದಿದ್ದೂ ಅದೇ ತಿದ್ದುಪಡಿಯಲ್ಲಿ. ರೈತನ ಭೂಮಿಯ ಕಾನೂನೂ ಪತ್ರಿಕೆಯ ಕಾನೂನೂ ಒಂದೇ ದಿನ ತಿದ್ದಿಸಿಕೊಂಡವು.

ರಾಜದ್ರೋಹದ ಕಾನೂನು ನೋಡಿ. 1908ರಲ್ಲಿ ಬ್ರಿಟಿಷರು ಲೋಕಮಾನ್ಯ ತಿಲಕರಿಗೆ ಪತ್ರಿಕೆಯ ಲೇಖನಗಳಿಗಾಗಿ 6 ವರ್ಷ ಶಿಕ್ಷೆ ಕೊಟ್ಟು ಮಂಡಾಲೆಗೆ ಕಳಿಸಿದ್ದು ಈ 124ಎ ಕಲಮಿನಲ್ಲಿ. ಸ್ವರಾಜ್ಯ ಬಂದ ಮೇಲೂ ಅದು ಹೋಗಲಿಲ್ಲ. 1962ರಲ್ಲಿ ಕೇದಾರನಾಥ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರ್ಕಾರವನ್ನು ಎಷ್ಟು ಕಟುವಾಗಿ ಟೀಕಿಸಿದರೂ ಹಿಂಸೆಗೆ ಪ್ರಚೋದನೆ ಇಲ್ಲದಿದ್ದರೆ ರಾಜದ್ರೋಹ ಆಗುವುದಿಲ್ಲ ಅಂತ ಗೆರೆ ಹಾಕಿತು. ಪೊಲೀಸರು ಆ ಗೆರೆಯನ್ನು ಕಂಡೂ ಕಾಣದಂತೆ ಕೇಸು ಹಾಕುತ್ತಲೇ ಬಂದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂದು ರಾಜದ್ರೋಹ ಅನ್ನುವ ಹೆಸರು ಹೋಯಿತು. ಅದರ ಜಾಗದಲ್ಲಿ 152ನೇ ಕಲಂ ಕೂತಿದೆ. ದೇಶದ ಅಖಂಡತೆಗೆ ಅಪಾಯ ತರುವುದು ಅನ್ನುವ ಅಗಲವಾದ ಮಾತು ಅದರಲ್ಲಿದೆ. ಬೋರ್ಡು ಬದಲಾದರೆ ಅಂಗಡಿ ಬದಲಾಯಿತೇ ಅನ್ನುವುದನ್ನು ಕಾದು ನೋಡಬೇಕು.

ದೆಹಲಿ ಗಡಿಯ ರೈತ ಚಳವಳಿಯಲ್ಲಿ ಇದೆಲ್ಲ ನಮ್ಮ ಮೈಮೇಲೇ ಬಂತು. 2021ರ ಜನವರಿ 26ರ ಟ್ರ್ಯಾಕ್ಟರ್ ಮೆರವಣಿಗೆಯಲ್ಲಿ ಒಬ್ಬ ಯುವಕ ರೈತ ಸತ್ತ. ಪೊಲೀಸರ ಗುಂಡಿನಿಂದ ಸತ್ತ ಅಂತ ಕೆಲವು ಪತ್ರಕರ್ತರು ಹೇಳಿದರು. ಟ್ರ್ಯಾಕ್ಟರ್ ಮಗುಚಿ ಸತ್ತ ಅಂತ ಪೊಲೀಸರು ಹೇಳಿದರು. ಗೊಂದಲದಲ್ಲಿ ತಪ್ಪು ಸುದ್ದಿ ಬಂದಿದ್ದರೆ ತಿದ್ದುಪಡಿ ಹಾಕಿಸಬಹುದಿತ್ತು, ಕ್ಷಮೆ ಕೇಳಿಸಬಹುದಿತ್ತು. ಅದು ಬಿಟ್ಟು ಉತ್ತರ ಪ್ರದೇಶ, ಮಧ್ಯಪ್ರದೇಶ ಮೊದಲಾದ ಕಡೆ ರಾಜದೀಪ್ ಸರ್ದೇಸಾಯಿ, ಮೃಣಾಲ್ ಪಾಂಡೆ ಮುಂತಾದವರ ಮೇಲೆ ರಾಜದ್ರೋಹದ ಕೇಸು ಹಾಕಿದರು. ಸುಪ್ರೀಂ ಕೋರ್ಟು ಬಂಧನಕ್ಕೆ ತಡೆ ಕೊಡಬೇಕಾಯಿತು. ಸಿಂಘು, ಟಿಕ್ರಿ, ಘಾಜಿಪುರ ಗಡಿಗಳಲ್ಲಿ ಇಂಟರ್‌ನೆಟ್ ಕಡಿದರು. ಇಷ್ಟಾದರೂ ರೈತರ ಬಾಯಿ ಮುಚ್ಚಲಿಲ್ಲ. ಆ ಗಡಿಗಳಲ್ಲಿ 2020ರ ಡಿಸೆಂಬರ್ 18ರಿಂದಲೇ 'ಟ್ರಾಲಿ ಟೈಮ್ಸ್' ಅಂತ ಪಂಜಾಬಿ, ಹಿಂದಿಯಲ್ಲಿ ಚಳವಳಿಯ ಪತ್ರಿಕೆ ಹೊರಡುತ್ತಿತ್ತು. ದೊಡ್ಡ ಚಾನೆಲ್‌ಗಳು ತಮ್ಮನ್ನು ಬೇರೇನೋ ಅಂತ ತೋರಿಸುತ್ತಿದ್ದಾಗ ರೈತರು ತಮ್ಮ ಮಾತನ್ನು ತಾವೇ ಅಚ್ಚು ಹಾಕಿದರು. 1980ರ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಿಗೆ, ಸಾಲ ವಸೂಲಿಯವರು ಅನುಮತಿ ಇಲ್ಲದೆ ಒಳಗೆ ಬರಬಾರದು ಅಂತ ಬೋರ್ಡು ನೆಟ್ಟರಲ್ಲ, ಅದೂ ಒಂದು ಪತ್ರಿಕೆಯೇ. 

ಒಂದೇ ಪಕ್ಷವನ್ನು ಬೈಯುತ್ತಿದ್ದೇನೆ ಅಂತ ತಿಳಿಯಬೇಡಿ. ತುರ್ತು ಪರಿಸ್ಥಿತಿ ತಂದವರು ಯಾರು? 1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ಪತ್ರಿಕಾ ಕಚೇರಿಗಳ ಕರೆಂಟು ತೆಗೆಸಿದರು. 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು. ನಮ್ಮ ವಿಧಾನಸಭೆಯೇ 2017ರ ಜೂನ್‌ನಲ್ಲಿ, ಶಾಸಕರ ವಿರುದ್ಧ ಬರೆದರು ಅಂತ ಎರಡು ಪತ್ರಿಕೆಗಳ ಸಂಪಾದಕರಿಗೆ ಒಂದು ವರ್ಷ ಸೆರೆ, 10,000 ರೂಪಾಯಿ ದಂಡ ಅಂತ ನಿರ್ಣಯ ಮಾಡಿತು. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. ಅದೇ ವರ್ಷ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರು ಬರೆದದ್ದನ್ನು ಒಪ್ಪದವರು ನಮ್ಮಲ್ಲೂ ಇದ್ದರು. ಒಪ್ಪದಿದ್ದರೆ ಎದುರು ಬರೆಯಬೇಕು, ಇಲ್ಲ ಕೋರ್ಟಿಗೆ ಹೋಗಬೇಕು. ಗುಂಡು ಎಂಟು ಬದುಗಳಲ್ಲಿ ಯಾವುದರೊಳಗೂ ಬರುವುದಿಲ್ಲ.

ಇನ್ನು ಸದ್ದಿಲ್ಲದೆ ಕತ್ತು ಹಿಸುಕುವ ದಾರಿ ಒಂದಿದೆ. ಅದು ಹಣ. 1956ರಲ್ಲಿ ಇಷ್ಟು ಪುಟಕ್ಕೆ ಇಷ್ಟು ಬೆಲೆ ಅಂತ ಪತ್ರಿಕೆಗಳಿಗೆ ದರ ಕಟ್ಟುವ ಕಾಯ್ದೆ ಬಂತು. ಸಣ್ಣ ಪತ್ರಿಕೆಗಳನ್ನು ಉಳಿಸಲಿಕ್ಕೆ ಅಂತ ಸರ್ಕಾರ ಹೇಳಿತು. ಪುಣೆಯ 'ಸಕಾಳ್' ಪತ್ರಿಕೆ ಕೋರ್ಟಿಗೆ ಹೋಯಿತು. ಬೆಲೆ ಏರಿಸಿದರೆ ಓದುಗ ಕಡಿಮೆಯಾಗುತ್ತಾನೆ, ಪುಟ ಇಳಿಸಿದರೆ ಮಾತು ಕಡಿಮೆಯಾಗುತ್ತದೆ, ಎರಡೂ ಮಾತಿನ ಹಕ್ಕಿಗೇ ಪೆಟ್ಟು ಅಂತ ಸುಪ್ರೀಂ ಕೋರ್ಟು ಆ ಕಾಯ್ದೆ ರದ್ದು ಮಾಡಿತು. 1972ರಲ್ಲಿ ಪತ್ರಿಕೆಯ ಕಾಗದ ಹಂಚುವ ನೆಪದಲ್ಲಿ ಹತ್ತು ಪುಟದ ಮಿತಿ ಹಾಕಿದಾಗಲೂ ಹೀಗೇ ತೀರ್ಪು ಬಂತು. ನಮ್ಮ ಲೆವಿ, ನಮ್ಮ ನಿಗದಿ ಬೆಲೆ ನೆನಪಾಗುತ್ತದಲ್ಲವೇ? ಬೆಲೆ ಹಿಡಿದವನು ಬಾಯಿ ಹಿಡಿಯುತ್ತಾನೆ. ಈಗ ಕಾಗದದ ಕೋಟಾ ಇಲ್ಲ, ಜಾಹೀರಾತು ಇದೆ. ಹಣದ ಒತ್ತಡವೇ ಪತ್ರಿಕೆಗಳಿಗೆ ದೊಡ್ಡ ಅಪಾಯ ಅಂತ 2025ರ ಪಟ್ಟಿಯ ಜೊತೆಗೆ ಆ ಪ್ಯಾರಿಸ್ ಸಂಸ್ಥೆಯೂ ಹೇಳಿದೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು ಹೇಳಬೇಕು. ಬರೆಯಲು ಕೂತಾಗಿನಿಂದ ಇದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಏಳೆಂಟು ವರ್ಷದ ಹಿಂದೆ ನಮ್ಮ ಹೋಬಳಿಯಲ್ಲಿ ಒಬ್ಬ ರೈತ ವಿಷ ಕುಡಿದು ಸತ್ತ. ಕೊಳವೆಬಾವಿಗೆ ಸಾಲ ಮಾಡಿದ್ದ, ಮೂರು ಕೊರೆಸಿದ್ದ, ಮೂರರಲ್ಲೂ ನೀರಿಲ್ಲ. ಸಾಲದಲ್ಲಿ ಮುಕ್ಕಾಲು ಕೈಸಾಲ, ಬಡ್ಡಿಯವರ ಹತ್ತಿರ. ತಾಲ್ಲೂಕಿನ ವರದಿಗಾರನೊಬ್ಬ ಮಾರನೇ ದಿನ 'ಕೌಟುಂಬಿಕ ಕಲಹದಿಂದ ಆತ್ಮಹತ್ಯೆ' ಅಂತ ಬರೆದ. ಆ ಒಂದು ಸಾಲಿನಿಂದ ಆ ಹೆಣ್ಣುಮಗಳ ಪರಿಹಾರಕ್ಕೆ ಎಲ್ಲಿ ಕಲ್ಲು ಬೀಳುತ್ತದೋ ಅಂತ ನಮಗೆ ರಕ್ತ ಕುದಿಯಿತು. ನಾವು ಮೂವತ್ತು ನಲವತ್ತು ಜನ ಹಸಿರು ಶಾಲು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆವು. ಆ ದಿನದ ಪತ್ರಿಕೆಯ ಕಟ್ಟು ಕಿತ್ತುಕೊಂಡು ಸುಟ್ಟೆವು. ಬೆಂಕಿಪೊಟ್ಟಣ ಕೊಟ್ಟವನು ನಾನು. ಇನ್ನು ಮುಂದೆ ಈ ಕಡೆ ಕಾಲಿಟ್ಟರೆ ನೋಡ್ಕೋತೀವಿ ಅಂತ ಆ ವರದಿಗಾರನಿಗೆ ಹೇಳಿದವರಲ್ಲಿ ನನ್ನ ದನಿಯೂ ಇತ್ತು.

ಅವನು ಬರೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಠಾಣೆಯಲ್ಲಿ ಹೇಳಿದ್ದನ್ನು ಹಾಗೇ ಇಳಿಸಿಕೊಂಡಿದ್ದ. ಆದರೆ ಆ ಮನೆಯ ಬಡ್ಡಿ ಚೀಟಿಗಳು ನಮ್ಮ ಕೈಯಲ್ಲೇ ಇದ್ದವು. ಅವನ್ನು ತೆಗೆದುಕೊಂಡು ಹೋಗಿ 'ನೋಡಯ್ಯ, ಇದು ಸಾಲ, ಇದನ್ನು ಬರಿ' ಅಂತ ನಾವು ಹೇಳಲಿಲ್ಲ. ಸಂಪಾದಕರಿಗೆ ಒಂದು ಕಾರ್ಡು ಬರೆಯಲಿಲ್ಲ. ಪರಿಹಾರ ಕೊನೆಗೆ ಬಂದದ್ದು ನಾವು ಸುಟ್ಟ ಪತ್ರಿಕೆಯಿಂದಲ್ಲ, ಆ ಹೆಣ್ಣುಮಗಳು ಅದೇ ಚೀಟಿಗಳನ್ನು ಹಿಡಿದು ಎ.ಸಿ. ಕಚೇರಿಗೆ ಆರು ತಿಂಗಳು ಅಲೆದದ್ದರಿಂದ.

ಎರಡು ವರ್ಷ ಕಳೆಯಿತು. ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ಬಿಳಿ ಚೀಟಿ ಕೊಟ್ಟು, ಕ್ವಿಂಟಾಲಿಗೆ ಒಂದೂವರೆ ಕೆ.ಜಿ. ಮುರಿದುಕೊಂಡು, ಹಣವನ್ನು ಮೂರು ತಿಂಗಳು ಸತಾಯಿಸಿದ. ನಾವು ಚೀಟಿಗಳನ್ನು ಕೂಡಿಸಿ, ತೂಕದ ಲೆಕ್ಕ ಬರೆದು, ಪತ್ರಿಕೆಯವರನ್ನು ಕರೆದೆವು. ಒಬ್ಬರೂ ಬರಲಿಲ್ಲ. ಒಬ್ಬ ವರದಿಗಾರನ ಪತ್ರಿಕೆಗೆ ಯುಗಾದಿಗೆ, ದೀಪಾವಳಿಗೆ ಅದೇ ವ್ಯಾಪಾರಿ ಜಾಹೀರಾತು ಕೊಡುತ್ತಾನೆ. ಇನ್ನೊಬ್ಬನಿಗೆ ನೆಟ್ಟಗೆ ಸಂಬಳವೇ ಇಲ್ಲ, ಜಾಹೀರಾತು ತಂದರೆ ಅದರಲ್ಲಿ ಕಮಿಷನ್. ಮೂರನೆಯವನು ನಾವು ಹೆದರಿಸಿ ಕಳಿಸಿದ್ದ ಅದೇ ಹುಡುಗ. ಫೋನು ಮಾಡಿದೆ. 'ನಿಮ್ಮೂರಿಗೆ ಬರಬೇಡ ಅಂದಿದ್ರಲ್ಲ ಗೌಡ್ರೇ' ಅಂದ. ಅಷ್ಟೇ. ನನಗೆ ಉತ್ತರ ಇರಲಿಲ್ಲ. ಕೊನೆಗೆ ನಾನೇ ಕರಪತ್ರ ಅಚ್ಚು ಹಾಕಿಸಿದೆ. ಹದಿನೈದು ದಿನಕ್ಕೆ ಮಾನನಷ್ಟದ ಲಾಯರ್ ನೋಟೀಸು ಬಂತು. ಚೀಟಿಗಳ ನಕಲು ಸೇರಿಸಿ ಉತ್ತರ ಕೊಟ್ಟ ಮೇಲೆ ಆ ಕಡೆಯಿಂದ ಸದ್ದಿಲ್ಲ. ಆದರೆ ಆ ಹದಿನೈದು ದಿನ, ಉತ್ತರ ಬರೆಯುವ ತನಕ, ರಾತ್ರಿ ನಿದ್ದೆ ಬರಲಿಲ್ಲ. ಒಂದು ಕರಪತ್ರಕ್ಕೆ ನನ್ನ ಗತಿ ಇದಾದರೆ ದಿನಾ ಬರೆಯುವವನ ಗತಿ ಏನು ಅಂತ ಆಗ ತಿಳಿಯಿತು.

ಪ್ಯಾರಿಸ್ಸಿನ ಅಂಕವನ್ನು ಒಪ್ಪುವುದು ಬಿಡುವುದು ಆಮೇಲಿನ ಮಾತು. ಅದು ದೇಶಕ್ಕೆಲ್ಲ ಒಂದು ಅಂಕ. ನಮ್ಮ ತಾಲ್ಲೂಕಿನ ಅಂಕ ಹಾಕುವವರು ನಾವೇ. ಅದಕ್ಕೆ ನಾಲ್ಕು ಪ್ರಶ್ನೆ ಇಟ್ಟುಕೊಳ್ಳಿ.

ಒಂದು, ಕಳೆದ ಒಂದು ವರ್ಷದಲ್ಲಿ ನಿಮ್ಮ ಮಾರುಕಟ್ಟೆಯ ತೂಕದ ಮೋಸ, ಬಡ್ಡಿಯವರ ಕಾಟ ಇವನ್ನು ಹೆಸರು ಹಿಡಿದು ಯಾವ ಪತ್ರಿಕೆಯಾದರೂ ಬರೆದಿದೆಯೇ? ಬರೆದಿದ್ದರೆ ಬರೆದವನಿಗೆ ಆಮೇಲೆ ಏನಾಯಿತು?

ಎರಡು, ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದವನ ಕೆಲಸ ಮಾರನೇ ದಿನ ಪಂಚಾಯಿತಿಯಲ್ಲಿ ಆಗುತ್ತದೆಯೇ? ಕೂಲಿಯವನು ಕೇಳಿದರೂ ಆಗುತ್ತದೆಯೇ, ಭೂಮಿ ಇದ್ದವನು ಕೇಳಿದರೆ ಮಾತ್ರವೇ?

ಮೂರು, 2005ರ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಬರುತ್ತದೆಯೇ, ಇಲ್ಲ ಮನೆ ಬಾಗಿಲಿಗೆ 'ಯಾಕ್ ಬೇಕಿತ್ತು ಇದೆಲ್ಲ' ಅಂತ ಜನ ಬರುತ್ತಾರೆಯೇ?

ನಾಲ್ಕನೆಯದು ನಮಗೇ. ನಮ್ಮ ಸಂಘದ ತಪ್ಪನ್ನು ಬರೆದ ವರದಿಗಾರ ಮರುದಿನ ನಮ್ಮ ಸಭೆಗೆ ಹೆದರಿಕೆ ಇಲ್ಲದೆ ಬರಬಲ್ಲನೇ?

ಮೊದಲ ಮೂರಕ್ಕೆ ಸರ್ಕಾರ, ವ್ಯಾಪಾರಿ, ಅಧಿಕಾರಿ ಹೊಣೆ. ನಾಲ್ಕನೆಯದಕ್ಕೆ ನಾವೇ ಹೊಣೆ. ಅದರಲ್ಲಿ ಸೊನ್ನೆ ತೆಗೆದುಕೊಂಡು ಮಿಕ್ಕ ಮೂರರಲ್ಲಿ ನ್ಯಾಯ ಕೇಳಲು ನಮಗೆ ಮುಖ ಇರುವುದಿಲ್ಲ.

ಸುಳ್ಳು ಬರೆದರೆ ಬಿಡಬೇಡಿ. ದಾಖಲೆ ಕೊಟ್ಟು ತಿದ್ದುಪಡಿ ಕೇಳಿ. ಹಾಕದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಿ, ಕೋರ್ಟಿದೆ, ನಮ್ಮ ಈ ಪತ್ರಿಕೆ ಇದೆ. ನಾವು ಬರೆಯುವಾಗಲೂ ಅಷ್ಟೇ. ಚೀಟಿ ಇಲ್ಲದೆ ಯಾರ ಹೆಸರನ್ನೂ ಎತ್ತಬೇಡಿ. ವಾಟ್ಸಾಪಿನಲ್ಲಿ ಬಂದದ್ದನ್ನು ತೂಗದೆ ದಾಟಿಸಬೇಡಿ. ಮಾತಿಗೆ ಬದು ಬೇಕು, ಆ ಬದುವನ್ನು ಮೊದಲು ನಾವು ಕಾಯೋಣ, ಆಮೇಲೆ ಒತ್ತುವರಿ ಮಾಡಿದವರನ್ನು ಕೇಳೋಣ.

ಆ ವರದಿಗಾರನ ಮನೆಗೆ ಹೋದ ತಿಂಗಳು ಹೋಗಿದ್ದೆ. ಅವನೀಗ ಪತ್ರಿಕೆ ಕೆಲಸ ಬಿಟ್ಟು ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ತಪ್ಪಾಯಿತು ಕಣಪ್ಪ ಅಂದೆ. ಟೀ ತರಿಸಿದ. ಹಳೆಯ ಮಾತು ಎತ್ತಲಿಲ್ಲ. ಈ ಲೇಖನ ಬಂದ ಮೇಲೆ ಒಂದು ಪ್ರತಿ ಅವನಿಗೆ ಕೊಟ್ಟು ಬರುತ್ತೇನೆ. ತಪ್ಪು ಏನಾದರೂ ಇದ್ದರೆ ತಿದ್ದಿ ಬರಿ, ಮುಂದಿನ ಸಂಚಿಕೆಯಲ್ಲಿ ಹಾಕಿಸ್ತೀನಿ ಅಂತ ಹೇಳುತ್ತೇನೆ.

ನಿಮ್ಮ ತಾಲ್ಲೂಕಿನ ನಾಲ್ಕು ಪ್ರಶ್ನೆಗೆ ಉತ್ತರ ಬರೆದು ಕಳಿಸಿ. ನನ್ನ ಮಾತು ಒಪ್ಪದವರು ಮೊದಲು ಬರೆಯಿರಿ.